ಮೈ ಕಾಯಿಸುವ ಹದಿನೈದು ನಿಮಿಷ

ಆ ಶುಕ್ರವಾರ ಬೆಳಿಗ್ಗೆ ಐದೂಕಾಲಿನ ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ನಮ್ಮ ಮನೆಯವರಿಗೆ ಅದೇ ಚಿಂತೆ. ಬಸ್ಸು ತಡವಾದರೆ ಕಡಿತವಾಗುವುದು ಅವರ ಪಾಲಿನ ಹದಿನೈದು ನಿಮಿಷವೇ ಹೊರತು ಮುಂದಿನ ಮುಕ್ಕಾಲು ಗಂಟೆಯಲ್ಲ. ಹಾಗಾಗಿ ಸೀಟು ಖಾಲಿಯಿದ್ದರೂ ಕೂರದೆ, ಕಂಬಿ ಹಿಡಿದು ನಿಂತು, ಒಂದೊಂದೇ ಪಾದವನ್ನು ಎತ್ತಿ ತಿರುಗಿಸತೊಡಗಿದರು. ಕಂಡಕ್ಟರ್ ದಿನಾ ನೋಡುವವನೇ. ‘ಸಾರ್, ಇಲ್ಲೇ ಶುರು ಮಾಡ್ಬಿಟ್ರಾ? ಹಿಂದಿನ ಸೀಟ್‌ನೋರ್ನೂ ಎಬ್ಬಿಸ್ಲಾ?’ ಎಂದ. ಇವರು ‘ಎಬ್ಸು, ನಾನೇನ್ ಬೇಡ ಅಂದ್ನಾ’ ಅಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅರವತ್ತೊಂದು ವರ್ಷದ ಗಂಡ ಬಸ್ಸಿನಲ್ಲಿ ನಿಂತು ಕಾಲು ತಿರುಗಿಸುತ್ತಿದ್ದರೆ ಹೆಂಡತಿ ಇನ್ನೆಲ್ಲಿ ನೋಡಬೇಕು?

ನಾವು ಭದ್ರಾವತಿಯ ಓಲ್ಡ್ ಟೌನ್‌ನಿಂದ ವಾರಕ್ಕೆ ಮೂರು ದಿನ ಹೋಗುತ್ತಿದ್ದುದು ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರದ ಒಂದು ಸಣ್ಣ ಕಲ್ಯಾಣ ಮಂಟಪಕ್ಕೆ. ಅದರ ಊಟದ ಹಾಲ್‌ನಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ನನ್ನ ತಂಗಿಯ ಮಗಳು ಹೆಂಗಸರಿಗೆ ವ್ಯಾಯಾಮದ ಕ್ಲಾಸು ನಡೆಸುತ್ತಾಳೆ. ಯೋಗದಂಥದ್ದಲ್ಲ. ನಲವತ್ತು ಸೆಕೆಂಡು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮಾಡುವುದು, ಇಪ್ಪತ್ತು ಸೆಕೆಂಡು ಉಸಿರು ತೆಗೆದುಕೊಳ್ಳುವುದು, ಮತ್ತೆ ನಲವತ್ತು ಸೆಕೆಂಡು. ಕುಕ್ಕರಗಾಲಿನಿಂದ ಎದ್ದು ಹಾರಬೇಕು, ನೆಲಕ್ಕೆ ಕೈಯೂರಿ ಮಂಡಿಯನ್ನು ಎದೆಗೆ ತರಬೇಕು. ಹಾಡು ಎಷ್ಟು ಜೋರೆಂದರೆ ಗೋಡೆಗೆ ಒರಗಿಸಿಟ್ಟ ಊಟದ ಟೇಬಲ್ಲುಗಳು ಗಡಗಡ ಅನ್ನುತ್ತವೆ. ಮುಹೂರ್ತವಿರುವ ದಿನ ಹಾಲ್ ಸಿಗುವುದಿಲ್ಲ, ತಾರಸಿಯೇ ಗತಿ. ಕೆಳಗೆ ಕೇಸರಿಬಾತಿಗೆ ರವೆ ಹುರಿಯುವ ವಾಸನೆ, ಮೇಲೆ ಮೂವತ್ತು ಹೆಂಗಸರ ಹಾರಾಟ. ಮದುವೆಗೆ ಬಂದ ಬೀಗರು ಇದು ಯಾವ ಶಾಸ್ತ್ರ ಎಂದು ಕತ್ತೆತ್ತಿ ನೋಡಿದ್ದೂ ಉಂಟು.

ಈ ಜೋರಿನ ಕೆಲಸಕ್ಕೆ ಮೊದಲು ಎಲ್ಲರ ಮೈ ಕಾಯಿಸುವ ಹದಿನೈದು ನಿಮಿಷ ನಮ್ಮ ಮನೆಯವರದು. ಅದು ಮುಗಿದ ಮೇಲೆ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಪೇಪರ್ ಓದುತ್ತ ಕೂರುವರು. ನಾನು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಲ್ಲರ ಬ್ಯಾಗು, ಮೊಬೈಲು ಕಾಯುತ್ತ ಹೂ ಕಟ್ಟುತ್ತಿದ್ದೆ. ಒಂದು ಕ್ಲಾಸು ಮುಗಿಯುವುದರೊಳಗೆ ಎರಡು ಮಾರು ಕಾಕಡ ಆಗುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ನಾನು ಕುರ್ಚಿ ಬಿಟ್ಟು ಎದ್ದವಳಲ್ಲ.

ಆ ಶುಕ್ರವಾರ ಮೂರನೆಯ ಸಾಲಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ನಿಂತಿದ್ದಳು. ಹಾರುವುದರಲ್ಲಿ ಅವಳೇ ಎಲ್ಲರಿಗಿಂತ ಮುಂದು. ಹತ್ತು ನಿಮಿಷ ಕಳೆದಿತ್ತು, ನಮ್ಮ ಮನೆಯವರು ಎಣಿಸುತ್ತಲೇ ಅವಳ ಹತ್ತಿರ ಹೋಗಿ, ‘ನೀನು ಇವತ್ತು ಹಾರಬೇಡ ತಾಯಿ. ಗೋಡೆ ಪಕ್ಕ ನಡೀತಿರು, ಸಾಕು’ ಅಂದರು. ಅವಳಿಗೆ ಸಿಟ್ಟು ಬಂತು. ನನಗೇನಾಗಿದೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೇನೆ ಎಂದು ವಾದಿಸಿದಳು. ಇವರು ತಂಗಿಯ ಮಗಳ ಕಡೆ ನೋಡಿ ಬೆರಳು ಅಲ್ಲಾಡಿಸಿದರು, ಅಷ್ಟೇ. ಅವಳು ಮುಖ ಊದಿಸಿಕೊಂಡು ಮುಕ್ಕಾಲು ಗಂಟೆ ಗೋಡೆ ಪಕ್ಕ ನಡೆದಳು. ಸಂಜೆ ಅವಳೇ ಫೋನ್ ಮಾಡಿದಳು. ಮಧ್ಯಾಹ್ನ ಬ್ಯಾಂಕಿನಲ್ಲೇ ಚಳಿ ಹತ್ತಿ ಜ್ವರ ಬಂದಿತ್ತಂತೆ. ‘ನಿಮ್ಮೋರಿಗೆ ಬೆಳಿಗ್ಗೇನೇ ಹೆಂಗೆ ಗೊತ್ತಾಯ್ತು ಆಂಟಿ?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದವರನ್ನು ಕೇಳಿದರೆ ಹೆಗಲು ಹಾರಿಸಿದರು. ಇನ್ನಷ್ಟು ಮಂಡಕ್ಕಿ ಇದೆಯಾ ಎಂದರು.

ಮಾಮೂಲಿನ ದಿನ ಅಂತ ನೆನಪಿನಲ್ಲಿ ಉಳಿದಿರುವುದು ಅದೇ ಕೊನೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತವರು ಹಾಗೆಯೇ ಪಕ್ಕಕ್ಕೆ ಒರಗಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಹೃದಯದ ರಕ್ತನಾಳ ಬಹಳ ದಿನದಿಂದ ಒಳಗೇ ಕಟ್ಟಿಕೊಳ್ಳುತ್ತ ಬಂದಿತ್ತು, ಹೊರಗೆ ತೋರಿಸಿಕೊಂಡಿಲ್ಲ ಎಂದು ಡಾಕ್ಟರು ಹೇಳಿದರು.

ಅವರು ಆ ಹದಿನೈದು ನಿಮಿಷದ ಕೆಲಸಕ್ಕೆ ಹೇಗೆ ಬಂದರು ಎಂಬುದನ್ನು ಹೇಳಬೇಕು. ಅವರದು ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದ ನೌಕರಿ. ಕರಗಿದ ಉಕ್ಕನ್ನು ಹಿಡಿದು ಅಚ್ಚಿಗೆ ಹುಯ್ಯಲು ಒಂದು ದೊಡ್ಡ ಬಕೆಟ್ಟಿನಂಥದ್ದು ಇರುತ್ತದೆ. ಲ್ಯಾಡಲ್ ಎನ್ನುತ್ತಾರೆ. ಅದರ ಒಳಗೋಡೆಗೆ ಬೆಂಕಿ ತಾಳುವ ಇಟ್ಟಿಗೆ ಕಟ್ಟಿರುತ್ತಾರೆ. ಉಕ್ಕು ಬರುವ ಮೊದಲು ಆ ಬಕೆಟ್ಟನ್ನೇ ಗಂಟೆಗಟ್ಟಲೆ ಬೆಂಕಿ ಕೊಟ್ಟು ಕಾಯಿಸಬೇಕು. ಒಳಗೆ ಒಂದಿಷ್ಟು ತೇವ ಉಳಿದಿದ್ದರೂ ಉಕ್ಕು ಸಿಡಿಯುತ್ತದೆ. ಬಿಸಿ ಸಾಲದಿದ್ದರೆ ಇಟ್ಟಿಗೆ ಬಿರುಕು ಬಿಡುತ್ತದೆ. ಆ ಕಾಯಿಸುವ ಕೆಲಸ ಇವರದು. ಒಳಗಿನ ಬಣ್ಣ ನೋಡಿ ‘ಆಯ್ತು’ ಅಂದ ಮೇಲೆಯೇ ಕ್ರೇನು ಏಳುತ್ತಿತ್ತು. ಬಿಡುವಿನಲ್ಲಿ ಕಾರ್ಖಾನೆಯ ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಅಲ್ಲಿ ಜೊತೆಗಾರರಾಗಿದ್ದ, ಅವರದೇ ವಿಭಾಗದ ತಮಿಳರೊಬ್ಬರಿಂದ ಆಟಕ್ಕೆ ಮೊದಲು ಮೈ ಸಡಿಲಿಸುವುದನ್ನು ಕಲಿತರು, ಅದರ ಜೊತೆಗೆ ತಮಿಳು ಎಣಿಕೆಯನ್ನೂ. ಒನ್ನು, ರೆಂಡು, ಮೂಣು, ನಾಲು. ಎಂಟಕ್ಕಿಂತ ಮುಂದೆ ಅವರಿಗೂ ಸರಿಯಾಗಿ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ತಂಗಿಯ ಮಗಳು ಕ್ಲಾಸು ಶುರು ಮಾಡಿದ ಹೊಸತರಲ್ಲಿ ಒಂದು ದಿನ ನೋಡಿಬರೋಣವೆಂದು ಹೋಗಿದ್ದೆವು. ಹೆಂಗಸರು ಗಾಡಿ ನಿಲ್ಲಿಸಿ, ದುಪಟ್ಟಾ ತೆಗೆದಿಟ್ಟು, ಎರಡು ಸಲ ಕೈ ಮೇಲೆತ್ತಿ ಆಕಳಿಸಿ ನೇರವಾಗಿ ಹಾರಲು ಶುರು ಮಾಡಿದರು. ಹದಿನೈದು ನಿಮಿಷಕ್ಕೆ ಒಬ್ಬಳು ಮೀನಖಂಡ ಹಿಡಿದುಕೊಂಡು ಕೂತಳು. ಮುಂದಿನ ಬುಧವಾರ ಇವರು ನನಗೂ ಹೇಳದೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸ್ನಾನ ಮಾಡಿದ್ದರು. ಅಲ್ಲಿಗೆ ಹೋಗಿ ಹುಡುಗಿಗೆ ಹೇಳಿದ್ದು ಇಷ್ಟೇ: ‘ನೀನು ತಣ್ಣಗಿರೋ ಲ್ಯಾಡಲ್‌ಗೆ ಉಕ್ಕು ಹುಯ್ತಿದೀಯ ಮಾರಾಯ್ತಿ. ನಂಗೆ ಹದಿನೈದು ನಿಮಿಷ ಕೊಡು.’

ಅವರ ಕ್ರಮದಲ್ಲಿ ಒಂದಾದ ಮೇಲೊಂದು ಬಿಸಿ ಏರಬೇಕು. ಮೊದಲು ಮೂರು ನಿಮಿಷ ನಿಂತಲ್ಲೇ ನಡಿಗೆ. ಮಾತಾಡುತ್ತ ನಡೆಯಬಹುದು, ಬೈಯುತ್ತಲೂ ನಡೆಯಬಹುದು. ಆಮೇಲೆ ಹೆಗಲು, ಕೈ, ಸೊಂಟ. ಹೆಂಗಸರಿಗೆ ಹೇಳಿಕೊಡುವಾಗ ಹೆಸರುಗಳನ್ನು ಅವರೇ ಕಟ್ಟಿದರು. ಮೊರ ಹಿಡಿದಂತೆ ಕೈ ಮಾಡಿ ನಡು ತಿರುಗಿಸಿದರೆ ‘ಕೇರುವುದು’. ಸೊಂಟವನ್ನು ದುಂಡಗೆ ಸುತ್ತಿಸಿದರೆ ‘ಬೀಸುವುದು’. ಅರ್ಧ ಕುಕ್ಕರಿಸಿ ಎದ್ದು ಹಗ್ಗ ಎಳೆದಂತೆ ಮಾಡಿದರೆ ‘ಸೇದುವುದು’. ಪಕ್ಕದವಳ ಹೆಗಲು ಹಿಡಿದು ಒಂದು ಕಾಲನ್ನು ಹಿಂದೆ ಮುಂದೆ ಬೀಸುವುದಕ್ಕೆ ‘ಗಂಟೆ’. ನಿಂತು ಬಗ್ಗಿ ಕಾಲ್ಬೆರಳು ಹಿಡಿದು ಎಳೆಯುವುದನ್ನು ಯಾರಾದರೂ ಮಾಡಿದರೆ ತಡೆಯುತ್ತಿದ್ದರು. ಅದೆಲ್ಲ ಕೆಲಸ ಮುಗಿದ ಮೇಲೆ, ಮೈ ಬಿಸಿಯಿದ್ದಾಗ ಎನ್ನುತ್ತಿದ್ದರು. ಕೊನೆಯದು ‘ಸೈರನ್’. ಕಾರ್ಖಾನೆಯ ಶಿಫ್ಟು ಬಿಟ್ಟಾಗ ಸೈಕಲ್‌ಗಳೆಲ್ಲ ಒಟ್ಟಿಗೆ ಗೇಟಿಗೆ ನುಗ್ಗುತ್ತಿದ್ದವಲ್ಲ, ಹಾಗೆ ನಿಂತಲ್ಲೇ ಚುರುಕಾಗಿ ಪಾದ ಬಡಿಯುವುದು. ಇವರು ಬಾಯಲ್ಲೇ ಸೈರನ್ ಊದುವರು. ಅದು ಏರಿದಂತೆ ಕಾಲು ಏರಬೇಕು. ಮೂವತ್ತು ಹೆಂಗಸರು ಕೂಗುತ್ತ ನೆಲ ಬಡಿಯುತ್ತಿದ್ದರೆ ಹೂ ಕಟ್ಟುತ್ತಿದ್ದ ನನ್ನ ಬೆರಳೂ ಬೇಗ ಆಡುತ್ತಿತ್ತು.

ಹನ್ನೊಂದನೆಯ ದಿನ ಶಿವಗಣಾರಾಧನೆಗೆ ಬಂದ ನೆಂಟರು ಊಟ ಮುಗಿಸಿ ಜಗಲಿಯಲ್ಲಿ ಕೂತು ಒಂದೇ ಮಾತು ಆಡಿದರು. ಆ ವಯಸ್ಸಿಗೆ ಅಷ್ಟು ದೂರ ಹೋಗಿ ಕುಣಿಯುವುದು ಬೇಕಿತ್ತೇ ಎಂದು. ಕ್ಲಾಸಿನ ಹೆಂಗಸರ ಮನೆಗಳಲ್ಲೂ ಅದೇ ಮಾತು ಹಬ್ಬಿತು. ವ್ಯಾಯಾಮ ಮಾಡಿಸುವವರೇ ಹೋದರಂತೆ, ನೀನು ಹೋಗಬೇಡ ಎಂದು ಗಂಡಂದಿರು, ಅತ್ತೆಯರು ಹೇಳಿದರು. ಅವರು ಕ್ಲಾಸಿನಲ್ಲಿ ಒಂದು ದಿನವೂ ಹಾರಿದವರಲ್ಲ, ಹೋದದ್ದು ಭಾನುವಾರ ಮನೆಯಲ್ಲಿ ಎಂದು ನಾನು ಯಾರಿಗೆಂದು ಹೇಳಲಿ? ಮೂವತ್ತು ಮಂದಿ ಇದ್ದದ್ದು ಒಂಬತ್ತಕ್ಕೆ ಇಳಿಯಿತು. ತಂಗಿಯ ಮಗಳು ಮೊಬೈಲಿನಲ್ಲಿ ಯಾರದೋ ವಿಡಿಯೋ ಹಾಕಿ ಮೈ ಕಾಯಿಸಿ ನೋಡಿದಳು. ವಿಡಿಯೋದವಳು ಯಾರಿಗೂ ಕಾಯುವುದಿಲ್ಲ. ಹಿಂದೆ ಬಿದ್ದವರು ಕೈಬಿಟ್ಟು ಸುಮ್ಮನೆ ನಿಂತರು. ಮಂಟಪದವರು, ಇಷ್ಟು ಕಡಿಮೆ ಜನಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವುದು ಕಷ್ಟ, ಶ್ರಾವಣದವರೆಗೆ ನೋಡೋಣ ಎಂದರಂತೆ.

ಇದನ್ನೆಲ್ಲ ಅವಳು ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದಳು. ಅವಳು ಅಳುತ್ತಿರಲಿಲ್ಲ, ನಾನೂ ಅಳುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಅವರ ಕಾರ್ಖಾನೆಯ ಕೆಲಸವನ್ನು ನಾನು ಕಣ್ಣಾರೆ ನೋಡಿದವಳೂ ಅಲ್ಲ. ಅವರು ಮಾಡಿದ್ದರಲ್ಲಿ ನಾನು ದಿನಾ ನೋಡಿದ್ದು ಆ ಹದಿನೈದು ನಿಮಿಷವನ್ನು. ಅದೂ ಹೋದರೆ ಅವರು ಪೂರ್ತಿ ಹೋದಂತೆ ಅನಿಸಿತು. ಆಗ ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆಚ್ಚಿದೆ.

‘ನಾನು ಮಾಡಿಸ್ತೀನಿ ಕಣೇ.’

ಅವಳು ನನ್ನ ಸೀರೆಯನ್ನೂ ಕಾಲನ್ನೂ ನೋಡಿದಳು. ‘ದೊಡ್ಡಮ್ಮ, ನೀವು ಬಸ್ ಹತ್ತೋಕೇ ನನ್ನ ಕೈ ಹಿಡೀತೀರಿ’ ಅಂದಳು. ನಿಜವೇ.

ಮೊದಲು ಡಾಕ್ಟರ ಹತ್ತಿರ ಹೋಗಿ ಎದೆ, ಬಿಪಿ ತೋರಿಸಿಕೊಂಡು ಬಂದೆ. ಅವರು ಮಾಡಿ, ಆದರೆ ನಿಧಾನಕ್ಕೆ ಅಂದರು. ಆಮೇಲೆ ಎರಡು ಬೀದಿ ಆಚೆ ಇರುವ ಆ ಬಾಲ್ ಬ್ಯಾಡ್ಮಿಂಟನ್ ಜೊತೆಗಾರರ ಮನೆಗೆ ಹೋದೆ. ಎಪ್ಪತ್ತರ ಹತ್ತಿರದವರು, ಮಂಡಿ ನೋವು. ಅವರ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ಎರಡು ವರ್ಷ ಕಣ್ಣಿಗೆ ಬಿದ್ದದ್ದೆಲ್ಲ ಒಳಗೆ ಇತ್ತು, ಆದರೆ ಕಾಲಿಗೆ ಇಳಿದಿರಲಿಲ್ಲ. ‘ಗಂಟೆ’ ಮಾಡಲು ಹೋಗಿ ಮೊದಲ ದಿನವೇ ಕೊಡಪಾನ ಒದ್ದೆ. ಅವರ ಹೆಂಡತಿ ಅಡುಗೆಮನೆ ಕಿಟಕಿಯಿಂದ ನಗುವುದು ಕೇಳಿಸಿತು. ನನಗೂ ನಗು ಬಂತು. ಮನೆಯವರು ಹೋಗಿ ತಿಂಗಳಾದ ಮೇಲೆ ಮೊದಲ ಸಲ. ತಪ್ಪು ಮಾಡಿದವಳಂತೆ ತಟ್ಟನೆ ಬಾಯಿ ಮುಚ್ಚಿಕೊಂಡೆ.

ಒಂದು ದಿನ ಅವರನ್ನು ಕೇಳಿದೆ. ಬಣ್ಣ ನೋಡಿ ಲ್ಯಾಡಲ್ ಕಾದಿದೆ ಎಂದು ನಮ್ಮ ಮನೆಯವರಿಗೆ ಹೇಗೆ ತಿಳಿಯುತ್ತಿತ್ತು, ಯಾವ ಬಣ್ಣ, ನನಗೂ ಹೇಳಿಕೊಡಿ ಎಂದು. ‘ನಂಗೂ ಗೊತ್ತಾಗ್ತಿರ್ಲಿಲ್ಲ ತಂಗಚ್ಚಿ. ನಾನು ಅವ್ನನ್ನೇ ಕೇಳ್ತಿದ್ದೆ’ ಅಂದರು.

ನಾದಿನಿ ಆಯನೂರಿನಿಂದ ಬಂದಾಗ ನಾನು ಹಿತ್ತಿಲಿನಿಂದ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದೆ. ಅವಳು ಇವರ ಒಬ್ಬಳೇ ತಂಗಿ. ನಮ್ಮಲ್ಲಿ ಸೂತಕವಿಲ್ಲ ಎನ್ನುತ್ತಾರೆ, ಆದರೂ ಜನರ ಬಾಯಲ್ಲಿ ಅದು ಇದ್ದೇ ಇದೆ. ಚೂಡಿದಾರದಲ್ಲಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅಣ್ಣನ್ನ ಕುಣಿಸಿ ಕುಣಿಸಿ ಕಳ್ಸಿದ್ರಿ. ಈಗ ನೀವೂ ಶುರು ಹಚ್ಕೊಂಡ್ರಾ ಅತ್ತಿಗೆ?’ ಅಂದಳು. ನಾನು ಕಾಫಿ ಮಾಡಿಕೊಟ್ಟೆ. ಅವಳು ಕುಡಿಯದೆ ಎದ್ದು ಹೋದಳು.

ಮೊದಲ ಸೋಮವಾರ ಒಬ್ಬಳೇ ಐದೂಕಾಲಿನ ಬಸ್ಸು ಹತ್ತಿದೆ. ತಂಗಿಯ ಮಗಳ ಹಳೆಯ ಶೂ ನನ್ನ ಕಾಲಿಗೆ ದೊಡ್ಡದಾಗಿತ್ತು, ಎರಡು ಜೊತೆ ಕಾಲುಚೀಲ ಹಾಕಿದ್ದೆ. ಹಾಲ್‌ನಲ್ಲಿ ಒಂಬತ್ತು ಜನ. ಎದುರಿಗೆ ನಿಂತು ‘ನಡೀರಿ’ ಅಂದೆ. ನಡೆದರು. ಹೆಗಲು ಆಯಿತು, ಕೇರುವುದು ಆಯಿತು. ‘ಬೀಸುವುದ’ಕ್ಕೆ ಬಂದಾಗ ತೊಂದರೆ ಶುರುವಾಯಿತು. ಒನ್ನು, ರೆಂಡು, ಮೂಣು, ನಾಲು, ಅಂಜು ಅನ್ನುವವರೆಗೆ ಸರಿ. ಆರು, ಏಳು ತಮಿಳಿಗೂ ನಮಗೂ ಒಂದೇ. ಅಲ್ಲಿ ನಾನು ದಾರಿ ಬದಲಿಸಿ ‘ಎಂಟು, ಒಂಬತ್ತು, ಹತ್ತು’ ಎಂದು ಹೋಗಿಬಿಟ್ಟೆ. ತಮಿಳಿನ ‘ಎಟ್ಟು’ ಅಂದ ತಕ್ಷಣ ದಿಕ್ಕು ಬದಲಿಸಿ ಎರಡು ವರ್ಷ ರೂಢಿಯಾದ ಸೊಂಟಗಳು. ಆ ಶಬ್ದವೇ ಬರಲಿಲ್ಲ. ಕೆಲವರು ಎಡಕ್ಕೆ ತಿರುಗಿದರು, ಕೆಲವರು ಬಲಕ್ಕೇ ಬೀಸುತ್ತಿದ್ದರು, ಬ್ಯಾಂಕಿನಾಕೆಯೂ ಅವಳ ಪಕ್ಕದವಳೂ ಢೀ ಹೊಡೆದರು. ‘ಆಂಟಿ, ಎಷ್ಟೊತ್ತು ಬೀಸ್ಬೇಕು, ಹಿಟ್ಟೆಲ್ಲ ಮುಗೀತು’ ಅಂದಳು ಅವಳು. ಇಡೀ ಹಾಲ್ ನಕ್ಕಿತು. ನಗುತ್ತ ನಗುತ್ತಲೇ ನಾನು ಮತ್ತೆ ಒನ್ನು ಅಂದೆ.

ಆ ನಗುವಿನಿಂದ ನನ್ನ ಮೈಯೊಳಗೆ ಏನೋ ಸಡಿಲವಾಯಿತು. ಸೇದುವುದಕ್ಕೆ ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು, ಅಂಗೈ ಬೆವರಿತ್ತು, ಮಂಡಿಯ ಕಟಕಟ ನಿಂತಿತ್ತು. ಐವತ್ತಾರು ವರ್ಷ ಈ ಮೈಯನ್ನು ಹೊತ್ತು ತಿರುಗಿದ್ದೇನೆ, ಇದಕ್ಕೆ ಹೀಗೂ ಆಗಲು ಬರುತ್ತದೆಂದು ಗೊತ್ತಿರಲಿಲ್ಲ. ಕೊನೆಗೆ ಸೈರನ್ ಬಂತು. ನನಗೆ ಅವರಂತೆ ಊದಲು ಬರುವುದಿಲ್ಲ. ಬಾಯಿಗೆ ಕೈ ಹಿಡಿದು ನಾಲ್ಕು ಮನೆಗೆ ಕೇಳುವಂತೆ ‘ಊ’ ಎಂದು ಕೂಗಿದೆ. ಮದುವೆಯಾಗಿ ಬಂದ ಮೇಲೆ ಅಷ್ಟು ಜೋರಾಗಿ ನಾನು ಎಲ್ಲೂ ಕೂಗಿರಲಿಲ್ಲ. ಒಂಬತ್ತು ಜೊತೆ ಕಾಲು ನೆಲ ಬಡಿದವು, ಹತ್ತನೆಯ ಜೊತೆ ನನ್ನದು.

ಮೆಟ್ಟಿಲ ಕಡೆ ಹೋಗಬೇಕಾಗಿತ್ತು, ನನ್ನ ಕೆಲಸ ಮುಗಿದಿತ್ತು. ಹೋಗಲಿಲ್ಲ. ತಂಗಿಯ ಮಗಳು ಹಾಡು ಹಾಕಿದಳು, ನಾನು ಹಿಂದಿನ ಸಾಲಿಗೆ ಸೇರಿಕೊಂಡೆ. ಹಾರುವ ಕಡೆ ಹಾರದೆ ಕಾಲು ಎತ್ತಿಟ್ಟೆ, ನೆಲಕ್ಕೆ ಕೈಯೂರುವ ಕಡೆ ಟೇಬಲ್ಲಿಗೆ ಕೈಯೂರಿದೆ. ಆದರೂ ಮೂರನೆಯ ಸುತ್ತಿನಲ್ಲಿ ಎದೆ ಡವಡವ ಅನ್ನುವುದು ಹಾಡಿಗಿಂತ ಜೋರಾಗಿ ಕೇಳಿಸಿತು. ಇಪ್ಪತ್ತು ಸೆಕೆಂಡಿನ ಬಿಡುವು ಎಷ್ಟು ಸಿಹಿ ಎಂಬುದನ್ನು ಮಾಡಿದವರೇ ಬಲ್ಲರು. ಮುಗಿದಾಗ ನೆಲದ ಮೇಲೆ ಅಂಗಾತ ಮಲಗಿ, ಮದುವೆ ಊಟದ ಹಾಲ್‌ನ ಫ್ಯಾನುಗಳನ್ನು ನೋಡುತ್ತ, ನಾನು ಸುಮ್ಮಸುಮ್ಮನೆ ನಗುತ್ತಿದ್ದೆ. ಕಣ್ಣಿನಲ್ಲಿ ನೀರೂ ಬರುತ್ತಿತ್ತು. ಬೆವರಿನ ಜೊತೆ ಸೇರಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟು ನನ್ನ ಶೂ ನೋಡಿದ, ಖಾಲಿ ಸೀಟು ತೋರಿಸಿ ಮುಂದೆ ಹೋದ.

ಬುಧವಾರ ಹನ್ನೊಂದು ಜನ. ಮುಂದಿನ ವಾರ ಹದಿನಾಲ್ಕು. ನಾನು ರಾತ್ರಿ ಬೇಗ ಮಲಗುತ್ತಿದ್ದೆ, ಬೆಳಿಗ್ಗೆ ಅಲಾರಂಗೆ ಮೊದಲೇ ಏಳುತ್ತಿದ್ದೆ. ಕ್ಲಾಸಿಲ್ಲದ ಮಂಗಳವಾರ, ಗುರುವಾರ ಉದ್ದ ಅನಿಸುತ್ತಿದ್ದವು. ಹೂ ಕಟ್ಟುವುದು ಬಿಟ್ಟೇಹೋಯಿತು. ಎಣಿಕೆ ಸರಿಹೋಯಿತು, ‘ಎಟ್ಟು’ ಎಂಬುದನ್ನು ಎಲ್ಲರಿಗೂ ಕೇಳುವಂತೆ ಒತ್ತಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಬರುವುದನ್ನು ಬಿಟ್ಟಿದ್ದ ಒಬ್ಬಳು ಅತ್ತೆಯನ್ನೇ ಕರೆದುಕೊಂಡು ಬಂದಳು. ಬೈಯಲೆಂದು ಬಂದ ಅತ್ತೆ ಮೊದಲ ಮೂರು ನಿಮಿಷದ ನಡಿಗೆಗೆ ಸೇರಿಕೊಂಡರು, ಕೇರುವುದರಲ್ಲಿ ನನ್ನ ಕೈಯಲ್ಲಿ ತಪ್ಪು ಕಂಡುಹಿಡಿದರು. ಮೊರ ಹಾಗೆ ಹಿಡಿದರೆ ಕಾಳೆಲ್ಲ ನೆಲದಲ್ಲಿರುತ್ತದೆ ಎಂದು ತಾವೇ ಮಾಡಿ ತೋರಿಸಿದರು. ಅವರು ಹೇಳಿದ ಹಾಗೆ ಮಾಡಿದರೆ ಬೆನ್ನಿನ ಮೇಲ್ಭಾಗ ಇನ್ನೂ ಚೆನ್ನಾಗಿ ಸಡಿಲವಾಗುತ್ತದೆ. ಈಗ ಹಾಗೇ ಮಾಡುತ್ತೇವೆ.

ಶ್ರಾವಣದ ಮೊದಲ ಸೋಮವಾರ ಹಾಲ್‌ನಲ್ಲಿ ಮೂವತ್ತನಾಲ್ಕು ಜನ. ಮಂಟಪದವರೇ ಬಾಗಿಲಲ್ಲಿ ನಿಂತು ನೋಡಿ, ಟೇಬಲ್ಲುಗಳನ್ನು ಇನ್ನಷ್ಟು ಹಿಂದಕ್ಕೆ ಸರಿಸಿಕೊಟ್ಟರು. ಇನ್ನು ಶ್ರಾವಣ ಕಳೆದ ಮೇಲೇನು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ತಂಗಿಯ ಮಗಳು ನನ್ನ ಕಡೆ ನೋಡಿ ಎರಡೂ ಹುಬ್ಬು ಹಾರಿಸಿದಳು. ನಾನು ಎದುರಿಗೆ ಹೋಗಿ ನಿಂತಾಗ ಬಾಗಿಲಿನಿಂದ ಇನ್ನೊಬ್ಬಳು ಬಂದು ಹಿಂದಿನ ಸಾಲಿನ ಮೂಲೆಯಲ್ಲಿ ನಿಂತಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿದ್ದಳು. ನನ್ನ ನಾದಿನಿ.

ಆಯನೂರಿನಿಂದ ಮೊದಲ ಬಸ್ಸಿಗೇ ಬಂದಿರಬೇಕು. ಯಾಕೆ ಬಂದಳು, ಬೈಯಲೋ ನೋಡಲೋ ಎಂದು ಕೇಳುವ ಹೊತ್ತಲ್ಲ ಅದು. ‘ನಡೀರಿ’ ಅಂದೆ. ಅವಳೂ ನಡೆದಳು. ಕೇರಿದಳು, ಬೀಸಿದಳು. ಮುಖ ಬಿಗಿದೇ ಇತ್ತು. ಸೇದುವುದರಲ್ಲಿ ಒಂದು ಸಲ ನನ್ನ ಕಣ್ಣಿಗೆ ಕಣ್ಣು ಸಿಕ್ಕಿತು, ತಿರುಗಿಸಿಕೊಂಡಳು. ಸೈರನ್ ಶುರುವಾದಾಗ ಅವಳ ಬಾಯೂ ತೆರೆಯಿತು. ಮೂವತ್ತೈದು ಹೆಂಗಸರು ನೆಲ ಬಡಿದು ಕೂಗಿದ ಆ ಸದ್ದು! ಕೆಳಗಿನ ಅಂಗಡಿಯವರು ಹೊರಗೆ ಬಂದು ನೋಡಿದರಂತೆ. ನನಗೆ ಮೈಯೆಲ್ಲ ಜುಮ್ಮೆಂದಿತು. ನನ್ನ ಎದುರಿಗೆ ಮೂವತ್ತೈದು ಕೆಂಪಾದ ಮುಖಗಳು, ಒಂದೂ ಬಿಡದೆ ಸಿದ್ಧವಾಗಿದ್ದವು. ಹಾಗೆಂದು ನಾನು ತಿಳಿದೆ. ‘ಆಯ್ತು’ ಎಂದು ತಂಗಿಯ ಮಗಳಿಗೆ ಕೈ ಮಾಡಿದೆ.

ಎರಡನೆಯ ಸುತ್ತಿನಲ್ಲಿ ನಾದಿನಿ ನಿಂತಲ್ಲೇ ಕುಸಿದಳು. ಪಕ್ಕದಲ್ಲಿದ್ದ ಬ್ಯಾಂಕಿನಾಕೆ ತೋಳು ಹಿಡಿದದ್ದರಿಂದ ತಲೆಗೆ ಏಟಾಗಲಿಲ್ಲ. ಹಾಡು ನಿಂತಿತು. ಅವಳನ್ನು ಮಲಗಿಸಿ ಕಾಲು ಎತ್ತಿ ಹಿಡಿದೆವು. ಬೆವರು ತಣ್ಣಗಿತ್ತು. ಇನ್ನೊಂದು ಸಲ ನಮ್ಮ ಮನೆಯಲ್ಲಿ ಇದೇ ಎಂದು ಒಂದು ಕ್ಷಣ ಅನಿಸಿಬಿಟ್ಟಿತು. ಎರಡು ನಿಮಿಷಕ್ಕೆ ಕಣ್ಣು ಬಿಟ್ಟಳು. ಶ್ರಾವಣ ಸೋಮವಾರದ ಉಪವಾಸವಂತೆ. ಭಾನುವಾರ ರಾತ್ರಿಯೂ ಬರೀ ಎರಡು ಬಾಳೆಹಣ್ಣಂತೆ. ಹೇಳಿದರೆ ಮಾಡಲು ಬಿಡುವುದಿಲ್ಲ ಎಂದು ಹೇಳಿರಲಿಲ್ಲ.

ಅಡುಗೆಮನೆಯಿಂದ ಬೆಲ್ಲ ತರಿಸಿ ನೀರಿನಲ್ಲಿ ಕದಡಿ ಲೋಟ ಬಾಯಿಗಿಟ್ಟೆ. ಉಪವಾಸ ಎಂದು ಮುಖ ತಿರುಗಿಸಿದಳು. ಬೆಲ್ಲದ ನೀರಿಗೆ ಶಿವ ಕೋಪ ಮಾಡಿಕೊಳ್ಳುವುದಿಲ್ಲ, ಕುಡಿಯದಿದ್ದರೆ ನಾನು ಮಾಡಿಕೊಳ್ಳುತ್ತೇನೆ ಎಂದು ಗದರಿದೆ. ಕುಡಿದಳು. ನನ್ನ ಹಳೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ನಾನು ಕೆಳಗೆ ಕೂತು ಅವಳ ಅಂಗಾಲು ಉಜ್ಜಿದೆ. ಮುಖಕ್ಕೆ ಬಣ್ಣ ಬಂದ ಮೇಲೆ ಅವಳು ಮೆಲ್ಲಗೆ ಮಾತಾಡಿದಳು.

‘ಅಣ್ಣ ಇದ್ದಿದ್ರೆ ನನ್ನ ಬಾಗ್ಲಲ್ಲೇ ನಿಲ್ಲಿಸ್ತಿದ್ದ ಅತ್ತಿಗೆ.’

‘ಹೂಂ’ ಅಂದೆ.

ಅವಳು ಈಗ ಪ್ರತಿ ಬುಧವಾರ, ಶುಕ್ರವಾರ ಬರುತ್ತಾಳೆ. ಸೋಮವಾರ ನಾನು ಬರಗೊಡುವುದಿಲ್ಲ. ಕ್ಲಾಸಿಗೆ ಮೂವತ್ತಕ್ಕೆ ಕಡಿಮೆ ಜನ ಬಂದ ದಿನವೇ ಇಲ್ಲ. ಹದಿನೈದು ನಿಮಿಷ ಪೂರ್ತಿ ನಡೆಯುತ್ತದೆ, ಅದೇ ಕ್ರಮ, ಅದೇ ಎಣಿಕೆ. ಆ ದಿನದಿಂದ ನಡಿಗೆ ಶುರುವಾದ ಕೂಡಲೇ ನಾನು ಸಾಲುಗಳ ನಡುವೆ ಹೋಗಿ ಒಬ್ಬೊಬ್ಬರನ್ನೇ ಕೇಳುತ್ತೇನೆ. ಏನು ತಿಂದಿರಿ, ನಿದ್ದೆ ಆಯಿತಾ, ಎಲ್ಲಾದರೂ ನೋವಿದೆಯಾ. ಕೆಲವರು ನಿಜ ಹೇಳುತ್ತಾರೆ. ಕೆಲವರು ಹಾರುವ ಆಸೆಗೆ ಸುಳ್ಳು ಹೇಳುತ್ತಾರೆ. ಆಮೇಲೆ ಎದುರಿಗೆ ಬಂದು ನಿಂತು ಮುಖಗಳನ್ನು ನೋಡುತ್ತೇನೆ. ಎಷ್ಟು ನೋಡಿದರೂ ನನಗೆ ಕಾಣುವುದು ಕೆಂಪಾದ ಮುಖಗಳು, ಅಷ್ಟೇ. ನಮ್ಮ ಮನೆಯವರು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಯಾರು ಇವತ್ತು ಹಾರಬಾರದು ಎಂದು ನೋಡಿಯೇ ಹೇಳುತ್ತಿದ್ದರು. ಅದು ನಮ್ಮ ಕ್ಲಾಸಿನಲ್ಲಿ ಈಗ ಇಲ್ಲ.